ಸ್ಯಾನ್ ಸೆಬಾಸ್ಟಿಯನ್‌ಗೆ ಹೋಗುವವರಿಗೆ ಒಂದಿಷ್ಟು ಸಲಹೆ

ಸ್ಪೇನ್ ಪ್ರವಾಸದಲ್ಲಿ ಬಾಸ್ಕ್ ನಾಡಿನ ಸ್ಯಾನ್ ಸೆಬಾಸ್ಟಿಯನ್ ಇದ್ದರೆ, ದಯವಿಟ್ಟು ಅರ್ಧ ದಿನದಲ್ಲಿ ಮುಗಿಸಬೇಡಿ. ಎರಡು ರಾತ್ರಿಯಾದರೂ ಇಟ್ಟುಕೊಳ್ಳಿ. ಬೋರ್ಡುಗಳಲ್ಲಿ 'ದೊನೋಸ್ತಿಯಾ' ಅಂತ ಇದ್ದರೆ ಗಾಬರಿ ಬೇಡ, ಊರು ಅದೇ.

ಲಾ ಕೊಂಚಾ ಬೀಚ್ ಹೇಗೂ ಎಲ್ಲರೂ ನೋಡುತ್ತಾರೆ. ಅಲ್ಲಿಗೇ ನಿಲ್ಲದೆ ದಡದ ಗುಂಟ ಪಶ್ಚಿಮಕ್ಕೆ ನಡೆಯಿರಿ. ಕೊನೆಯಲ್ಲಿ ಶಿಲ್ಪಿ ಎದುವಾರ್ದೊ ಚಿಯೀದಾ ಅವರ 'ಗಾಳಿಯ ಬಾಚಣಿಗೆ' ಇದೆ. ಬಂಡೆಗಳಿಗೆ ಕಚ್ಚಿಕೊಂಡಿರುವ ಮೂರು ದೊಡ್ಡ ಉಕ್ಕಿನ ಶಿಲ್ಪಗಳು. ಕಲ್ಲುಹಾಸಿನಲ್ಲಿ ಸಣ್ಣ ತೂತುಗಳಿವೆ. ಅಲೆ ಜೋರಾದಾಗ ಅವುಗಳಿಂದ ಗಾಳಿ, ನೀರು ಬುಸ್ಸಂತ ಚಿಮ್ಮುತ್ತದೆ. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ! ಆದರೆ ಸಮುದ್ರ ತುಂಬಾ ರಭಸವಾಗಿದ್ದರೆ ಅಂಚಿಗೆ ಹೋಗಬೇಡಿ. ಹತ್ತಿರದಲ್ಲೇ 1912ರಲ್ಲಿ ಶುರುವಾದ ಹಳೆಯ ಫ್ಯೂನಿಕ್ಯುಲರ್ ರೈಲು ಇಗೆಲ್ದೊ ಗುಡ್ಡಕ್ಕೆ ಹತ್ತುತ್ತದೆ. ಮೇಲಿಂದ ಇಡೀ ಕೊಲ್ಲಿ ಕಾಣುತ್ತದೆ.

ಸಂಜೆ ಹಳೇ ಪೇಟೆಯಲ್ಲಿ ಪಿಂಚೋಸ್, ಅಂದರೆ ಬಾರ್‌ಗಳಲ್ಲಿ ಸಿಗುವ ಸಣ್ಣ ಸಣ್ಣ ತಿಂಡಿಗಳನ್ನು ತಿನ್ನಿ. ಒಂದೇ ಕಡೆ ಹೊಟ್ಟೆ ತುಂಬಿಸಬಾರದು. ಒಂದೆರಡು ತಿಂದು ಮುಂದಿನ ಅಂಗಡಿಗೆ ಹೋಗುವುದೇ ಅಲ್ಲಿನ ಪದ್ಧತಿ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಕಡ್ಡಿಗೆ ಆಲಿವ್, ಮೆಣಸಿನಕಾಯಿ ಚುಚ್ಚಿದ 'ಹಿಲ್ದಾ' ನೋಡಲು ಸುಮ್ನೆ ಉಪ್ಪಿನಕಾಯಿ ಥರ ಇರುತ್ತದೆ, ಆದರೆ ಅದರಲ್ಲಿ ಆಂಚೊವಿ ಮೀನು ಇದೆ. ಹುರಿದ ಹಸಿರು ಮೆಣಸಿನಕಾಯಿ ಕೇಳಿ, ಖಾರ ಇರುವುದು ಅಪರೂಪ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ತೋರ್ತಿಯಾ (ದಪ್ಪ ಆಮ್ಲೆಟ್) ಆಗುತ್ತದೆ.

ಮಳೆ ಜಾಸ್ತಿ ಇರುವ ಊರು. ಬೇಸಿಗೆಯಲ್ಲೂ ಒಂದು ತೆಳು ರೇನ್‌ಕೋಟ್ ಬ್ಯಾಗಿನಲ್ಲಿರಲಿ.