ಕುಳ್ಳಗಿದ್ದ ಮಾತ್ರಕ್ಕೆ ಮೈನಸ್ ಅಲ್ಲ: ಎರಡು ನಸ್ಟರ್ಷಿಯಮ್ ಗುರುತಿಸುವ ಬಗೆ

ನಸ್ಟರ್ಷಿಯಮ್ ಹೂಗಿಡದ ಬೀಜದ ಪೊಟ್ಟಣದ ಮೇಲೆ ‘ಡ್ವಾರ್ಫ್’ (ಕುಳ್ಳ) ಎಂದಿದೆ ಅಂತ ಅದನ್ನು ಟ್ರೊಪಿಯೋಲಮ್ ಮೈನಸ್ ಎಂಬ ಜಾತಿಯೆಂದು ನಂಬಬೇಡಿ. ಅಲಾಸ್ಕ, ಟಾಮ್ ಥಂಬ್‌ನಂಥ ಕುಳ್ಳ ತಳಿಗಳು ಸಾಮಾನ್ಯವಾಗಿ ಟ್ರೊಪಿಯೋಲಮ್ ಮೇಜಸ್‌ ಎಂಬ ಇನ್ನೊಂದು ಜಾತಿಯ ಲೆಕ್ಕಕ್ಕೇ ಸೇರುತ್ತವೆ. ಎರಡೂ ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯವು. ನೀಲಗಿರಿಯ ಇಳಿಜಾರುಗಳಲ್ಲಿ ತಾನಾಗಿ ಹಬ್ಬಿಕೊಂಡಿರುವುದು ಮೇಜಸ್.

ಮೊದಲು ಹೂ ನೋಡಿ. ಅಂದೇ ಅರಳಿದ ಹೂವಿನ ಎಸಳನ್ನು ಬಿಡಿಸಿ ಬಿಳಿ ಕಾಗದದ ಮೇಲಿಡಿ. ಮೇಜಸ್‌ನ ಎಸಳಿನ ತುದಿ ದುಂಡಗೆ ಮುಗಿಯುತ್ತದೆ. ಮೈನಸ್‌ನಲ್ಲಿ ಆ ತುದಿಯಿಂದ ಕೂದಲೆಳೆಯಂಥ ಸಣ್ಣ ಮುಳ್ಳು ಹೊರಚಾಚಿರುತ್ತದೆ. ಬಾಡಿದ ಹೂವಿನಲ್ಲಿ ಎಸಳು ಮುದುಡಿ ಇದು ಕಾಣುವುದಿಲ್ಲ.

ಹೂ ಇಲ್ಲದಿದ್ದರೆ ಬಲಿತ ಎಲೆಯೊಂದನ್ನು ಬೆಳಕಿಗೆ ಹಿಡಿದು ಅಂಚನ್ನು ಲೆನ್ಸ್‌ನಲ್ಲಿ ನೋಡಿ. ಮೈನಸ್‌ನಲ್ಲಿ ನರಗಳು ಅಂಚಿಗೆ ಬಂದು ಪುಟ್ಟ ಮೊನೆಗಳಾಗುತ್ತವೆ. ಮೇಜಸ್‌ನ ಅಂಚಿನಲ್ಲಿ ಮೊನೆ ಇರುವುದಿಲ್ಲ. ಹೂವಿನ ಗುರುತು ಒಂದು ಹೇಳಿ, ಎಲೆಯದು ಇನ್ನೊಂದು ಹೇಳಿದರೆ ಮಿಶ್ರತಳಿ ಎಂದು ಶಂಕಿಸಿ, ಹೆಸರು ಹಚ್ಚುವ ಗೋಜಿಗೆ ಹೋಗಬೇಡಿ.

ಮೈನಸ್ ಸುಮಾರು 30 ಸೆಂ.ಮೀ.ಗೆ ಪೊದೆಯಾಗಿ ನಿಲ್ಲುತ್ತದೆ, 8 ಇಂಚಿನ ಕುಂಡ ಸಾಕು. ಬಳ್ಳಿ ಬಗೆಯ ಮೇಜಸ್ 2 ಮೀಟರ್ ದಾಟುತ್ತದೆ. 12 ಇಂಚಿನ ಕುಂಡ, ಜೊತೆಗೆ ಆಸರೆ ಬೇಕು. ಅದು ಹತ್ತುವುದು ಎಲೆಯ ತೊಟ್ಟನ್ನು ಆಸರೆಗೆ ಸುತ್ತಿ. ಹಾಗಾಗಿ ದಪ್ಪ ಬಿದಿರು ಕೊಟ್ಟರೆ ಹಿಡಿತ ಸಿಗದೆ ಜಾರುತ್ತದೆ. ಹುರಿಯೋ ತೆಳು ತಂತಿಯೋ ಕಟ್ಟಿ.

ಬಿತ್ತನೆ ಎರಡಕ್ಕೂ ಒಂದೇ. ಬೀಜವನ್ನು ರಾತ್ರಿ ನೆನೆಸಿ, ಬೆಳೆಯುವ ಜಾಗದಲ್ಲೇ 1.5–2 ಸೆಂ.ಮೀ. ಆಳಕ್ಕೆ ಊರಿ. ಕಿತ್ತು ನೆಟ್ಟರೆ ಬೇರು ಸಹಿಸುವುದಿಲ್ಲ. ಮೊಳಕೆಗೆ ಒಂದೆರಡು ವಾರ. ಬೆಂಗಳೂರಿನಲ್ಲಿ ಅಕ್ಟೋಬರ್–ನವೆಂಬರ್ ಸರಿಯಾದ ಕಾಲ, ಮಾರ್ಚ್ ಬಿಸಿಲಿಗೆ ಗಿಡ ಸೊರಗುತ್ತದೆ. ಗೊಬ್ಬರ ಸುರಿಯಬೇಡಿ: ಸಾರಜನಕ ಹೆಚ್ಚಾದರೆ ಎಲೆ ತಾವರೆಯಂತೆ ಹರಡಿಕೊಂಡು ಹೂ ಅಡಿಯಲ್ಲೇ ಅಡಗುತ್ತದೆ. ಚಿಗುರಿಗೆ ಕಪ್ಪು ಹೇನು ಮುತ್ತಿದರೆ ನೀರನ್ನು ರಭಸವಾಗಿ ಹಾಯಿಸಿ. ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆ ಬಿದ್ದರೆ ಒಳಗೆ ಹುಳು ಕೊರೆಯುತ್ತಿದೆ, ಆ ಎಲೆ ಕಿತ್ತು ಹಾಕಿ.

ಬೀಜ ಉಳಿಸಿಕೊಳ್ಳುವುದಾದರೆ ಎರಡನ್ನೂ ಒಂದೇ ತೋಟದಲ್ಲಿ ಬೆಳೆಸಬೇಡಿ, ಜೇನ್ನೊಣ ಬೆರಕೆ ಮಾಡೀತು. ಮೂರು ಹೋಳಿನ ಕಾಯಿ ತಾನಾಗಿ ಉದುರಿದ ಮೇಲೆ ಆರಿಸಿ, ನೆರಳಿನಲ್ಲಿ ಒಣಗಿಸಿ, ಜಾತಿಯ ಹೆಸರನ್ನು ಅಂದೇ ಬರೆದಿಡಿ. ಸುಕ್ಕುಗಟ್ಟಿದ ಒಣ ಬೀಜ ನೋಡಿ ಹೇಳುವುದು ಕಷ್ಟ.