ಕೈಯಲ್ಲಿ ಹಿಡಿಯುವ ವಿಮಾನ ರೇಡಿಯೋ: ನಾನು ಆರಿಸಿಕೊಂಡ ಬಗೆ

ಸಣ್ಣ ವಿಮಾನದಲ್ಲಿ ಕರೆಂಟು ಕೈಕೊಟ್ಟರೂ ಎಂಜಿನ್ ನಿಲ್ಲುವುದಿಲ್ಲ, ಎಂಜಿನ್ನೇ ತಿರುಗಿಸುವ ಮ್ಯಾಗ್ನೆಟೋ ತನ್ನ ಪಾಡಿಗೆ ಕಿಡಿ ಕೊಡುತ್ತಿರುತ್ತದೆ. ನಿಲ್ಲುವುದು ಮಾತು. ರೇಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರಿನಲ್ಲಿ, ರೇಡಿಯೋ ಕೆಟ್ಟಿದೆ ಅನ್ನುವ ಸಂಕೇತ 7600 ಹಾಕೋಣ ಅಂದರೆ ಅದಕ್ಕೂ ಅದೇ ಕರೆಂಟು ಬೇಕು. ಜಕ್ಕೂರಿನಿಂದ ಶಿವಮೊಗ್ಗದ ಸೋಗಾನೆಗೆ ಹಾರುವ ನಾವು ಗೆಳೆಯರು ಒಂದು ಹ್ಯಾಂಡ್‌ಹೆಲ್ಡ್ ಇಟ್ಟುಕೊಳ್ಳೋಣ ಅಂದುಕೊಂಡೆವು. ಆರಿಸುವ ಕೆಲಸ ನನ್ನ ತಲೆಗೆ ಬಂತು.

ಮಾರುವವರು ಮೊದಲು ಹೇಳುವುದು ವಿಒಆರ್ (ನೆಲದ ರೇಡಿಯೋ ಕೇಂದ್ರದಿಂದ ದಿಕ್ಕು ತಿಳಿಯುವ ವ್ಯವಸ್ಥೆ), ಜಿಪಿಎಸ್, ಬ್ಲೂಟೂತ್. ಐಕಾಂ ಕಂಪನಿಯ ಎ25ಎನ್ ಸೆಟ್ಟಿನಲ್ಲಿ ಮೂರೂ ಇವೆ. ಆದರೆ ದಾರಿ ನೋಡೋಕೆ ಟ್ಯಾಬ್ ಇದೆ, ಮ್ಯಾಪ್ ಇದೆ. ನನಗೆ ಬೇಕಿದ್ದದ್ದು ಮಾತು ಮಾತ್ರ. ಅದಕ್ಕೇ ಬರೀ ಮಾತಿಗಿರುವ ಎ25ಸಿ ಸಾಕು ಅನ್ನಿಸಿತು. ತುರ್ತು ಫ್ರೀಕ್ವೆನ್ಸಿ 121.5ಕ್ಕೆ ಅದರಲ್ಲಿ ಬೇರೆ ಗುಂಡಿಯೇ ಇದೆ. 6 ವ್ಯಾಟ್ ಅಂತ ಬರೆದಿರುವುದು ಪೀಕ್ ಲೆಕ್ಕ, ಅಂದರೆ ಮಾತಿನ ಏರಿನಲ್ಲಿ ಮುಟ್ಟುವ ಗರಿಷ್ಠ; ಮಾತನ್ನು ಹೊತ್ತೊಯ್ಯುವ ಅಲೆ, ಅಂದರೆ ಕ್ಯಾರಿಯರ್, 1.8 ವ್ಯಾಟ್ ಅಷ್ಟೇ.

ನಿಜವಾದ ಪರೀಕ್ಷೆ ಹೆಡ್‌ಸೆಟ್ಟಿನದು. ಎಂಜಿನ್ ಸದ್ದಿನಲ್ಲಿ ಸೆಟ್ಟಿನ ಸ್ಪೀಕರ್ ಕೇಳಿಸುವ ಮಾತೇ ಇಲ್ಲ. ಹೆಡ್‌ಸೆಟ್ಟನ್ನು ಇದಕ್ಕೆ ಜೋಡಿಸುವ ಅಡಾಪ್ಟರ್ ಬೇಕೇ ಬೇಕು. ನೆಲದ ಮೇಲೆ, ಬೆಲ್ಟ್ ಕಟ್ಟಿ ಕೂತು, ಎಡಗೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲಿಟ್ಟು, ಬಲಗೈ ಒಂದರಲ್ಲೇ ಮಾಡಿ ನೋಡಿದೆ. ಪ್ಯಾನೆಲ್‌ನಿಂದ ಎರಡೂ ಪ್ಲಗ್ ಕಿತ್ತು, ದಪ್ಪದ್ದು ಕಿವಿಗೆ, ಸಣ್ಣದ್ದು ಮೈಕಿಗೆ ಅಂತ ಬೆರಳಲ್ಲೇ ಗುರುತಿಸಿ ಅಡಾಪ್ಟರಿಗೆ ಚುಚ್ಚಬೇಕು. ಯೋಕ್ ಮೇಲಿನ ಮಾತಾಡುವ ಗುಂಡಿ ಆಗ ಸುಮ್ನೆ ಅಲಂಕಾರ, ಅದು ಪ್ಯಾನೆಲ್ ರೇಡಿಯೋದ್ದು. ಸೆಟ್ಟಿನ ಗುಂಡಿಯನ್ನೇ ಒತ್ತಬೇಕು. ಹಾಗಾಗಿ ಅಡಾಪ್ಟರನ್ನು ಸದಾ ಸೆಟ್ಟಿಗೇ ಸಿಕ್ಕಿಸಿ, ಸೀಟಿನ ಜೇಬಿನಲ್ಲಿ ಇಡುತ್ತೇವೆ. ಹಿಂದಿನ ಡಿಕ್ಕಿಯಲ್ಲಿಟ್ಟರೆ ಇದ್ದೂ ಇಲ್ಲದ ಹಾಗೆ, ಅಲ್ವಾ?

ಇನ್ನು ದೂರ. ತೀರ್ಥಹಳ್ಳಿಯ ಮನೆಯಂಗಳದಲ್ಲಿ ಸೆಟ್ ಹಚ್ಚಿ ಕೂತರೆ ಮೇಲೆ ಹೋಗುವ ವಿಮಾನದವರ ಮಾತು ಸ್ಪಷ್ಟ. ಕೆಳಗಿನಿಂದ ಅವರಿಗೆ ಬರುವ ಉತ್ತರ ಮಾತ್ರ ಕೇಳಿಸುವುದಿಲ್ಲ. ಫೋನಿನಲ್ಲಿ ಮಾತಾಡುವವರ ಪಕ್ಕ ಕೂತ ಹಾಗೆ, ಅರ್ಧ ಸಂಭಾಷಣೆ. ಈ ರೇಡಿಯೋ ಬಳಸುವ ವಿಎಚ್‌ಎಫ್ ಅಲೆ ನೇರ ಗೆರೆಯಲ್ಲಿ ಹೋಗುತ್ತದೆ, ನಡುವೆ ಗುಡ್ಡ ಬಂದರೆ ಮುಗಿಯಿತು. 4,000 ಅಡಿ ಎತ್ತರದಲ್ಲಿ ಲೆಕ್ಕಕ್ಕೆ ಸುಮಾರು 78 ನಾಟಿಕಲ್ ಮೈಲಿ (ಹತ್ತಿರ ಹತ್ತಿರ 145 ಕಿ.ಮೀ.) ಸಿಗಬೇಕು. ಆದರೆ ಅದು ಬಯಲಿನ ಲೆಕ್ಕ. ತಗಡಿನ ಕ್ಯಾಬಿನ್ ಒಳಗೆ ರಬ್ಬರ್ ಆಂಟೆನಾ ಹಿಡಿದು ಕೂತರೆ ಅಷ್ಟೆಲ್ಲ ಬರುವುದಿಲ್ಲ. ವಿಮಾನದ ಹೊರ ಆಂಟೆನಾಕ್ಕೆ ಜೋಡಿಸುವ ವ್ಯವಸ್ಥೆ ಮಾಡಿಸಿದರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಬ್ಯಾಟರಿ ವಿಷಯದಲ್ಲಿ ನಾನು ಹಳೇ ಕಾಲದವನು. ಲಿಥಿಯಂ ಪ್ಯಾಕ್ ಚೀಲದಲ್ಲೇ ಮರೆತುಹೋಗಿ ಬೇಕಾದಾಗ ಖಾಲಿ ಇರುತ್ತದೆ. ಆರು ಎಎ ಸೆಲ್ ಹಾಕುವ ಡಬ್ಬಿಯನ್ನೂ ತರಿಸಿಕೊಂಡೆ. ಸೆಲ್ ಬೇರೆ ಇಡುತ್ತೇನೆ, ಮಲೆನಾಡಿನ ಥಂಡಿಗೆ ಒಳಗೇ ಬಿಟ್ಟರೆ ಪಾಚಿ ಕಟ್ಟಿದ ಹಾಗೆ ಹಸಿರು ಹಿಡಿಯುತ್ತದೆ. ಸೆಟ್ಟಿಗೆ ದೂಳು, ನೀರು ತಡೆಯುವ ಐಪಿ57 ದರ್ಜೆ ಇರುವುದರಿಂದ ಮಳೆಯ ಚಿಂತೆ ಇಲ್ಲ.

ಇನ್ನೊಂದು, ಆನ್‌ಲೈನ್‌ನಲ್ಲಿ ಕಂಡ ಕೂಡಲೇ ಹೊರದೇಶದಿಂದ ತರಿಸಬೇಡಿ. ಮೊದಲು ವೈರ್‌ಲೆಸ್ ಲೈಸೆನ್ಸ್ ಕಾಗದ, ಆಮೇಲೆ ಸೆಟ್. ಹವ್ಯಾಸಿ ರೇಡಿಯೋದವರ ಹ್ಯಾಮ್ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ.