ಹನ್ನೊಂದು ಫಿಲ್ಟರ್, ಒಂದು ಕ್ವೆರಿ: ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ವರದಿ ಪುಟದಲ್ಲಿ ಹನ್ನೊಂದು ಫಿಲ್ಟರ್‌ಗಳಿದ್ದವು. ಯಾವುದನ್ನು ಬೇಕಾದರೂ ಆರಿಸಬಹುದು, ಬಿಡಬಹುದು. ಅಂದರೆ 2048 ಬಗೆಯ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು). ಅಷ್ಟನ್ನೂ ಕೈಯಲ್ಲಿ ಬರೆದಿಡುವುದು ಆಗದ ಮಾತು, ಅಲ್ವಾ? ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್; ಅದನ್ನು ಪೈಥಾನ್ ಪ್ರೋಗ್ರಾಂ ಕೈಯಲ್ಲೇ ಬರೆಸೋಣ ಅಂತ ಹೊರಟೆ.

ಮೊದಲು ಸ್ಟ್ರಿಂಗ್‌ಗೆ ಸ್ಟ್ರಿಂಗ್, ಅಂದರೆ ಪಠ್ಯದ ತುಂಡಿಗೆ ತುಂಡು, ಅಂಟಿಸುತ್ತಾ ಹೋದೆ. ಯಾರೋ ಹುಡುಕಿದ ಹೆಸರಿನಲ್ಲಿ ಒಂದು ಸಿಂಗಲ್ ಕೋಟ್ ಇತ್ತು. ಹೆಸರು ಅಲ್ಲಿಗೇ ಮುಗಿಯಿತು ಅಂತ ಡೇಟಾಬೇಸ್ ತಿಳಿದು, ಕ್ವೆರಿ ಅಲ್ಲೇ ಮುರಿಯಿತು. ಗೊತ್ತಿಲ್ಲದೆ ಹಾಕಿದ ಕೋಟ್ ಇಷ್ಟು ಮಾಡಿದರೆ, ಬೇಕಂತಲೇ ಹಾಕಿದ್ದು ಏನೆಲ್ಲ ಮಾಡಬಹುದು! ಎಸ್‌ಕ್ಯೂಎಲ್ ಇಂಜೆಕ್ಷನ್ (ಹುಡುಕುವ ಜಾಗದಲ್ಲಿ ಕ್ವೆರಿಯ ತುಂಡನ್ನೇ ತೂರಿಸುವ ದಾಳಿ) ಅಂದರೆ ಏನೆಂದು ನನಗೆ ನಿಜವಾಗಿ ಅರ್ಥವಾಗಿದ್ದು ಆಗಲೇ.

ಎಲ್ಲ ಅಳಿಸಿ ಮತ್ತೆ ಬರೆದೆ. ಈಗ ಒಂದೊಂದು ಫಿಲ್ಟರ್‌ಗೂ ಒಂದು ಪುಟ್ಟ ಫಂಕ್ಷನ್. ಅದು ಷರತ್ತನ್ನೂ ಅದರ ವ್ಯಾಲ್ಯೂವನ್ನೂ ಜೊತೆಯಾಗಿ ಕೊಡುತ್ತದೆ. ಷರತ್ತಿನಲ್ಲಿ ವ್ಯಾಲ್ಯೂ ಬರುವ ಜಾಗದಲ್ಲಿ ಪ್ಲೇಸ್‌ಹೋಲ್ಡರ್, ಅಂದರೆ ಜಾಗ ಕಾಯ್ದಿಡುವ ಗುರುತು ಮಾತ್ರ. ಕೊನೆಗೆ ಷರತ್ತುಗಳ ನಡುವೆ ಆ್ಯಂಡ್ ಸೇರಿಸುತ್ತೇನೆ, ವ್ಯಾಲ್ಯೂಗಳನ್ನು ಡ್ರೈವರ್‌ಗೆ (ಪೈಥಾನ್ ಮತ್ತು ಡೇಟಾಬೇಸ್ ನಡುವಿನ ಕೊಂಡಿ) ಬೇರೆಯಾಗಿ ಕೊಡುತ್ತೇನೆ. ಷರತ್ತನ್ನೂ ವ್ಯಾಲ್ಯೂವನ್ನೂ ಜೊತೆಯಾಗಿ ಇಡುವುದು ಮುಖ್ಯ. ಬೇರೆ ಬೇರೆ ಪಟ್ಟಿಯಲ್ಲಿಟ್ಟಾಗ ಕ್ರಮ ಹಿಂದುಮುಂದಾಗಿ, ದಿನಾಂಕದ ಜಾಗಕ್ಕೆ ಸ್ಥಿತಿಯ ವ್ಯಾಲ್ಯೂ ಹೋಗಿ ಕೂತಿತ್ತು.

ಆದರೂ ದೊಡ್ಡ ತಪ್ಪು ಮಾಡಿದ್ದು ಖಾಲಿ ಪಟ್ಟಿಯಲ್ಲಿ. ಬಳಕೆದಾರರು ನೋಡಬಹುದಾದ ವಿಭಾಗಗಳ ಪಟ್ಟಿಯನ್ನು 'ಇನ್' (ಈ ಪಟ್ಟಿಯಲ್ಲಿ ಇದೆಯೇ ಅಂತ ಕೇಳುವ ಷರತ್ತು) ಒಳಗೆ ಹಾಕುತ್ತಿದ್ದೆ. ಪಟ್ಟಿ ಖಾಲಿ ಇದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು. ಅದನ್ನು ತಪ್ಪಿಸಲು, ಖಾಲಿ ಇದ್ದಾಗ ಆ ಷರತ್ತನ್ನೇ ಬಿಟ್ಟುಬಿಟ್ಟೆ. ಪರಿಣಾಮ ಏನು ಗೊತ್ತಾ? ಒಂದು ವಿಭಾಗವನ್ನೂ ನೋಡುವ ಅನುಮತಿ ಇಲ್ಲದವರಿಗೆ ಎಲ್ಲ ವಿಭಾಗಗಳ ಸಾಲುಗಳೂ ಕಂಡವು. ಪರೀಕ್ಷೆ ಮಾಡುವಾಗಲೇ ಸಿಕ್ಕಿತು, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. 'ಫಿಲ್ಟರ್ ಆರಿಸಿಲ್ಲ' ಬೇರೆ, 'ಆರಿಸಿದೆ, ಆದರೆ ಏನೂ ಇಲ್ಲ' ಬೇರೆ. ಮೊದಲನೆಯದು ಈಗ None (ಪೈಥಾನ್‌ನಲ್ಲಿ 'ವ್ಯಾಲ್ಯೂವೇ ಇಲ್ಲ' ಅಂತ ಹೇಳುವ ಪದ), ಎರಡನೆಯದು ಖಾಲಿ ಪಟ್ಟಿ. ಖಾಲಿ ಪಟ್ಟಿಗೆ ಯಾವತ್ತೂ ಸುಳ್ಳಾಗುವ ಷರತ್ತನ್ನೇ ಹಾಕುತ್ತೇನೆ.

ಸಾರ್ಟ್ ಮಾಡುವ ಕಾಲಂಗೆ ಪ್ಲೇಸ್‌ಹೋಲ್ಡರ್ ನಡೆಯುವುದಿಲ್ಲ. ಡೇಟಾಬೇಸ್ ಅದನ್ನು ಕಾಲಂ ಹೆಸರು ಅಂತ ನೋಡದೆ ಸುಮ್ನೆ ಒಂದು ಪದ ಅಂತ ನೋಡುತ್ತದೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಂತೂ ಎರರ್ ಕೂಡ ಬರಲ್ಲ, ಸಾರ್ಟ್ ಆಗಿರುವುದಿಲ್ಲ ಅಷ್ಟೇ. ಅದಕ್ಕೆ ಒಂದು ಡಿಕ್ಷನರಿ, ಅಂದರೆ ಯಾವ ಆಯ್ಕೆಗೆ ಯಾವ ಕಾಲಂ ಅನ್ನುವ ಜೋಡಿಗಳ ಪಟ್ಟಿ, ಇಟ್ಟೆ. ಬಳಕೆದಾರರ ಆಯ್ಕೆ ಅದರಲ್ಲಿದ್ದರೆ ಮಾತ್ರ, ನಾನೇ ಬರೆದಿಟ್ಟ ಕಾಲಂ ಹೆಸರು ಕ್ವೆರಿಗೆ ಹೋಗುತ್ತದೆ.

ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿ ಇದರಲ್ಲಿ ಬಹುಪಾಲನ್ನು ತಾನೇ ಮಾಡಿಕೊಡುತ್ತದೆ. ಟೇಬಲ್‌ಗಳು ಜಾಸ್ತಿ ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ಆಗಲೂ ನನ್ನ ಟೆಸ್ಟ್ ಫೈಲ್‌ನಲ್ಲಿ ಮೊದಲ ಟೆಸ್ಟ್ ಖಾಲಿ ಪಟ್ಟಿಯದ್ದೇ.